ಚನ್ನಪಟ್ಟಣದ ಮೇಲೆ ಮಾಗಡಿಗೆ

ಕನಕಪುರದಿಂದ ಮಾಗಡಿಗೆ ಚನ್ನಪಟ್ಟಣದ ಮೇಲೆ ಹೋದ ಮನುಷ್ಯ ಈ ಭೂಮಿಯಲ್ಲಿ ಒಬ್ಬನೇ ಒಬ್ಬ. ಅವನು ನಮ್ಮ ಚಿಕ್ಕಪ್ಪ! ರಾಮನಗರಕ್ಕೆ ಬಂದು ನೆಟ್ಟಗೆ ಮುಂದೆ ಹೋದರೆ ಮಾಗಡಿ. ಎಮ್ಮೆಗೂ ಗೊತ್ತಿರುವ ದಾರಿ. ಚಿಕ್ಕಪ್ಪ ಎಡಕ್ಕೆ ತಿರುಗಿಸಿದ.

ಅದು ರೇಷ್ಮೆಗೂಡಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ರೇಷ್ಮೆ ಹುಳು ಸಾಕುವ ಮನೆಯವರು ಒಟ್ಟಾಗಿ ಊರು ಬಿಡುವುದಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕುವವರು ಯಾರು? ಮದುವೆಗೆ ಒಬ್ಬರು ಹೋದರೆ ತಿಥಿಗೆ ಇನ್ನೊಬ್ಬರು. ಗೂಡು ಮಾರಿ, ಹುಳುಮನೆ ತೊಳೆದು, ಮುಂದಿನ ಮೊಟ್ಟೆ ತರುವವರೆಗಿನ ನಾಲ್ಕು ದಿನವಷ್ಟೇ ಬಿಡುವು. ಅಂಥದೊಂದು ಬಿಡುವಿನಲ್ಲಿ, ಬಾಣಂತನ ಮುಗಿಸಿದ ಅಕ್ಕನನ್ನೂ ಅವಳ ಐದು ತಿಂಗಳ ಹೆಣ್ಣುಕೂಸನ್ನೂ ಮಾಗಡಿಯ ಅತ್ತೆಮನೆಗೆ ಬಿಟ್ಟುಬರಬೇಕಿತ್ತು. ಮಧ್ಯಾಹ್ನದ ಊಟಕ್ಕೆ ಬರುತ್ತೇವೆಂದು ಹೇಳಿ ಕಳಿಸಿಯೂ ಆಗಿತ್ತು.

ಮಕ್ಕಳಿಲ್ಲದ ಚಿಕ್ಕಪ್ಪ ಆ ಐದು ತಿಂಗಳೂ ತೊಟ್ಟಿಲಿನ ಹಗ್ಗವನ್ನು ತನ್ನ ಕಾಲ್ಬೆರಳಿಗೇ ಕಟ್ಟಿಕೊಂಡು ಮಲಗಿದ್ದ. ‘ಇನ್ನೊಂದ್ ಬೆಳೆ ಆಗೋಗಂಟ ಇರ್ಲಿ’ ಎಂದು ಆಗಲೇ ಎರಡು ಸಲ ಮುಂದಕ್ಕೆ ಹಾಕಿಸಿದ್ದ. ಮೂರನೆಯ ಸಲ ಅಪ್ಪ ಒಪ್ಪಲಿಲ್ಲ.

ಹೀಗೆ ಹೊರಟದ್ದು ಚಿಕ್ಕಪ್ಪ, ಅವ್ವ, ಅಕ್ಕ, ಕೂಸು, ಕಾಲೇಜಿನ ರಜೆಯಲ್ಲಿದ್ದ ನಾನು, ಮತ್ತು ನಮ್ಮ ನಾಯಿ ಕೆಂಚ. ನಾಯಿ ಯಾಕೆ ಎಂದು ಅವ್ವ ಕೇಳಿದ್ದಕ್ಕೆ ಚಿಕ್ಕಪ್ಪ, “ಕೂಸು ಅತ್ರೆ ಸುಮ್ಕಿರ್ಸೋನು ಅವನೊಬ್ನೇ ಅತ್ಗೆ. ನಿಮ್ ಕೈಲಾದದಾ?” ಎಂದ. ಹಳೆಯ ಜೀಪು. ಹಸಿರು ಬಣ್ಣದ್ದೆಂದು ನನ್ನ ನೆನಪು. ಬೂದು ಎನ್ನುತ್ತಾಳೆ ಅಕ್ಕ. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಒಂದೇ, ಸಾಕ್ಷಿ ಇಲ್ಲದ್ದನ್ನು ನಂಬಬೇಡ ಎಂದು. ಅದನ್ನು ಚೆನ್ನಾಗಿ ಕಲಿತದ್ದರಿಂದ ಈಗ ನನಗೆ ನನ್ನ ಮೇಲೇ ನಂಬಿಕೆಯಿಲ್ಲ.

ಚನ್ನಪಟ್ಟಣಕ್ಕೆ ಹೋದದ್ದು ಗಿಲಕಿ ಕೊಳ್ಳಲು. ಕೂಸು ಬಾಯಿಗಿಡುವ ವಸ್ತು, ಬಣ್ಣ ಬಿಟ್ಟರೆ? ಚಿಕ್ಕಪ್ಪ ಅಂಗಡಿಯ ಗಿಲಕಿಗಳನ್ನು ಒಂದೊಂದಾಗಿ ತಾನೇ ಚೀಪಿ ಪರೀಕ್ಷಿಸತೊಡಗಿದ. ಮೀಸೆಯ ಗಂಡಸು ಗಿಲಕಿ ಚೀಪುವುದನ್ನು ನೋಡಲು ರಸ್ತೆಯ ಜನವೆಲ್ಲ ನಿಂತರು. ಅಂಗಡಿಯವನು ಬಹಳ ಮರ್ಯಾದೆಯಿಂದ ಹೇಳಿದ: “ಚೀಪಿ ಯಜಮಾನ್ರೇ, ಚೆನ್ನಾಗಿ ಚೀಪಿ. ಚೀಪಿದ್ದನ್ನೆಲ್ಲ ತಗೊಂಡೋಗಿ.” ಜೀಪಿಗೆ ಒಂದು ಚೀಲ ಗಿಲಕಿ ಹತ್ತಿತು.

“ಈಗ ಮಾಗಡಿ ತಾನೆ?” ಅವ್ವ ಕೇಳಿದಳು.

“ಇಷ್ಟ್ ದೂರ ಬಂದು ದೊಡ್ಡಮಳೂರು ನೋಡ್ದೆ ಹೋದಾರಾ?”

ದೊಡ್ಡಮಳೂರಿನ ಗುಡಿಯಲ್ಲಿ ಅಂಬೆಗಾಲಿಡುವ ಕೃಷ್ಣನಿದ್ದಾನೆ. ಕೂಸನ್ನು ಅವನ ಮುಂದೆ ಎತ್ತಿ ಹಿಡಿದು ಚಿಕ್ಕಪ್ಪ ಅಲ್ಲಾಡದೆ ನಿಂತುಬಿಟ್ಟ. ಅಕ್ಕ ಮೆಲ್ಲಗೆ, “ಚಿಕ್ಕಪ್ಪ, ಹೊತ್ತಾಯ್ತು, ಅತ್ತೆ ಬೈತಾರೆ” ಎಂದಳು.

“ನೋಡವ್ವ, ಆ ದೇವ್ರೇ ಇನ್ನೂ ತೆವಳ್ತಾ ಅವನೆ. ನಮಗೇನ್ ಅವಸರ?”



ಆಮೇಲೆ ಬಿಡದಿ, ತಟ್ಟೆ ಇಡ್ಲಿಗೆ. ಹಸಿವಾಗಿದ್ದು ಕೆಂಚನಿಗಂತೆ! ಕೆಂಚ ಇಡ್ಲಿಯನ್ನು ಮೂಸಿ ನೋಡಿ, ಚಟ್ನಿಯನ್ನು ಮಾತ್ರ ನೆಕ್ಕಿ, ಬೀದಿನಾಯಿಯೊಂದರ ಹಿಂದೆ ಬೈರಮಂಗಲದ ದಿಕ್ಕಿಗೆ ಓಡಿತು. ಚಿಕ್ಕಪ್ಪ ಅದನ್ನು ಹುಡುಕುತ್ತ ರೈಲ್ವೆ ಸ್ಟೇಷನ್ನಿನ ಕಡೆ ನಡೆದ.

“ನಾಯಿ ಆ ಕಡೆ ಓಡ್ತು ಕಣಪ್ಪಾ. ನೀನ್ ಈ ಕಡೆ ಹೊಂಟೀಯಲ್ಲ?”

“ಭೂಮಿ ದುಂಡಗೈತೆ ಅತ್ಗೆ. ಸಿಕ್ತಾನೆ ಬುಡಿ.”

ಕೆಂಚ ತಾನಾಗಿಯೇ ಬಂದು ಜೀಪು ಹತ್ತಿ ಕೂತ ಮೇಲೂ ಚಿಕ್ಕಪ್ಪ ಬಹಳ ಹೊತ್ತು ಹುಡುಕುತ್ತಲೇ ಇದ್ದ. ಬಿಡದಿಗೆ ಹೋದದ್ದು ಬೇರೆ ಸಲ ಎನ್ನುತ್ತಾಳೆ ಅಕ್ಕ. ಇರಬಹುದು. ನನ್ನ ನೆನಪಿನಲ್ಲಿ ಕೂಸು ಅವ್ವನ ತೊಡೆಯ ಮೇಲೆ ಗಿಲಕಿ ಚೀಪುತ್ತಿದೆ, ಅಕ್ಕ ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ಬಿಸಿಲು ಇಳಿಯುತ್ತಿದೆ. ಆ ಜೀಪಿನಲ್ಲಿ ಇನ್ನೊಮ್ಮೆ ಕೂರಲು ಸಿಕ್ಕಿದರೆ, ಎಡಕ್ಕೆ ತಿರುಗಿಸು ಎಂದು ನಾನೇ ಹೇಳುತ್ತೇನೆ.

ಮಾಗಡಿ ತಲುಪಿದಾಗ ದೀಪ ಹಚ್ಚುತ್ತಿದ್ದರು. ಮಧ್ಯಾಹ್ನದಿಂದ ಕಾದಿದ್ದ ಅಕ್ಕನ ಅತ್ತೆ ಒಂದು ಮಾತೂ ಬೈಯದೆ ಆರತಿ ಎತ್ತಿ, ತಟ್ಟೆ ಕೆಳಗಿಟ್ಟು, ಕೂಸಿಗೆ ಕೈ ಚಾಚಿದರು. ಕೂಸು ಚಿಕ್ಕಪ್ಪನ ಎದೆಗೊರಗಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದು, “ಒಸಿ ತಡೀರಿ. ಕೈಕಾಲ್ ತೊಳ್ಕಂಡ್ ಬನ್ನಿ” ಎಂದ.

ಹುಳುಮನೆಯ ಬಾಗಿಲಲ್ಲಿ ನಾವು ಯಾರಿಗೇ ಆದರೂ ಹೇಳುವ ಮಾತು ಅದು. ಕೈಕಾಲು ತೊಳೆದು, ಹೊಸಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಬರಬೇಕು. ಹೊರಗಿನ ಕೊಳೆ, ಹೂವಿನ ವಾಸನೆ, ಬೀಡಿಯ ಘಾಟು ಯಾವುದೂ ಹುಳುವಿಗೆ ಆಗದು. ಅಭ್ಯಾಸಬಲ! ಆದರೆ ಹೇಳಿದ್ದು ಬೀಗತಿಗೆ, ಅವರದೇ ಹೊಸಿಲಲ್ಲಿ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ನಮ್ಮನೆ ಬಾಗ್ಲಲ್ಲಿ ನಮಗೇ ಹೇಳ್ತೀರಾ ಬೀಗ್ರೇ?”

“ತಲೇಲಿ ಮಲ್ಲಿಗೆ ಬೇರೆ ಐತೆ. ವಾಸ್ನೆ ಆಗಾಕಿಲ್ಲ.”

“ಯಾರಿಗೆ ಆಗಾಕಿಲ್ಲ? ಹುಳೀಗಾ, ನನ್ ಮೊಮ್ಮಗೀಗಾ?”

ಚಿಕ್ಕಪ್ಪ ತಲೆ ತಗ್ಗಿಸಿದ. ಅಕ್ಕನ ಅತ್ತೆಯದೂ ಹುಳು ಸಾಕುವ ಮನೆಯೇ. ಮಲ್ಲಿಗೆ ಕಿತ್ತಿಟ್ಟು, ಅಂಗಳದ ತೊಟ್ಟಿಯ ಹತ್ತಿರ ಹೋಗಿ ಕೈಕಾಲು ತೊಳೆದು ಬಂದರು.

“ಈಗ ಕೊಡ್ತೀರಾ, ಇಲ್ಲಾ ಸುಣ್ಣದ ಪುಡೀನೂ ತುಳ್ಕಂಡ್ ಬರ್ಲಾ?”

ಕೊಟ್ಟ.

ಊಟವಾಯಿತು. ಅವ್ವನೂ ನಾನೂ ಕೆಂಚನೂ ಜೀಪು ಹತ್ತಿದೆವು. “ಬಂದೆ ಇರಿ” ಎಂದು ಚಿಕ್ಕಪ್ಪ ಹಿಂದಕ್ಕೆ ಹೋದ. ಇನ್ನೇನು ನೆಪವೋ ಎಂದು ನಾನು ಇಳಿದು ಹಿಂದೆಯೇ ಹೋಗಿ ಇಣುಕಿದೆ. ಅಕ್ಕ ಒಳಗಿದ್ದಳು, ಅವಳು ಇದನ್ನು ನೋಡಿಲ್ಲ. ಕೇಳೋಣವೆಂದರೆ ಚಿಕ್ಕಪ್ಪನೂ ಇಲ್ಲ, ಅಕ್ಕನ ಅತ್ತೆಯೂ ಈಗಿಲ್ಲ. ಆದ್ದರಿಂದ ಇದಕ್ಕೆ ನಾನೊಬ್ಬನೇ ಸಾಕ್ಷಿ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಅವನು ತೊಟ್ಟಿಯ ಪಕ್ಕ ನಿಂತು ಮೊಣಕೈವರೆಗೆ ಕೈ ತೊಳೆದ. ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಕಾಲು ತೊಳೆದ. ಜೇಬಿನ ಬೀಡಿ ಕಟ್ಟು ತೆಗೆದು ಜಗಲಿಯ ಮೂಲೆಗಿಟ್ಟ. ಬಾಗಿಲಿಗೆ ಬಂದು, ಒಳಗೆ ಅಜ್ಜಿಯ ತೊಡೆಯ ಮೇಲಿದ್ದ ಕೂಸನ್ನು ನೋಡುತ್ತ, ನೀರು ತೊಟ್ಟಿಕ್ಕುವ ಕೈಗಳನ್ನು ಮುಂದೆ ಹಿಡಿದು ಹೊಸಿಲಿನಾಚೆಯೇ ನಿಂತ.

“ತೊಳ್ಕಂಡಿವ್ನಿ ಕಣವ್ವ. ಒಳೀಕ್ ಬರ್ಬೌದಾ?”