ಮೂಗಿನವರೆಗೆ ಬಂದ ವರ

ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವನ ಹತ್ತಿರ ಜನ ಕಂಪ್ಯೂಟರನ್ನು ಮಾತ್ರ ತರುತ್ತಾರೆ ಅಂದುಕೊಂಡರೆ ತಪ್ಪು. ಮನೆಯಲ್ಲೇ ರೈಟ್ ಮಾಡಿದ ಸೀಡಿ ತರುತ್ತಾರೆ. ಅದು ಓದದಿದ್ದರೆ ಯಂತ್ರವನ್ನು ಬಿಟ್ಟು ನನ್ನನ್ನು ದುರುಗುಟ್ಟಿ ನೋಡುತ್ತಾರೆ. ವಡೋದರದಲ್ಲಿ ಅಂಗಡಿ ಹಾಕಿದ ಮೇಲೆ ಇಂಥದ್ದು ನಡೆಯದ ವಾರವಿಲ್ಲ. ಆದರೆ ನಮ್ಮಕ್ಕನ ಮಗಳಿಗೆ ಗಂಡು ನೋಡಿದ ವರ್ಷ ಒಂದೇ ಸೀಡಿ ನನ್ನನ್ನು ಊರೂರು ಸುತ್ತಿಸಿತು.

೧. ಅರಿಶಿನ ಕುಂಕುಮ

ಭಾವ ಬ್ಯಾಂಕಿನವರು, ವರ್ಗವಾಗಿ ವಡೋದರಕ್ಕೆ ಬಂದವರು. ಬ್ಯಾಂಕು ಬೇಡವೆಂದು ಹರಾಜು ಹಾಕಿದ ಕಂಪ್ಯೂಟರನ್ನು ಪ್ರೀತಿಯಿಂದ ಮನೆಗೆ ತಂದಿಟ್ಟುಕೊಂಡಿದ್ದರು. ಅಹಮದಾಬಾದಿನ ಗಂಡಿನ ಮನೆಯವರು ಹುಡುಗನ ಫೋಟೋಗಳನ್ನು ಸೀಡಿಗೆ ಹಾಕಿ ಕಳಿಸಿದ್ದರು. ಧನುರ್ಮಾಸ ಹತ್ತಿರ ಬಂದಿತ್ತು. ಅದು ಶುರುವಾಗುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹುಡುಗಿಯದು ಒಂದೇ ಹಟ: "ಮುಖ ನೋಡದೆ ನಾನು ಏನೂ ಹೇಳಲ್ಲ."

ಸೀಡಿ ಓದುತ್ತಿಲ್ಲವೆಂದು ನನ್ನನ್ನು ಕರೆಸಿದರು. ಹೊರತೆಗೆದು ನೋಡಿದರೆ ತೂತಿನ ಸುತ್ತ ಅರಿಶಿನ, ಕುಂಕುಮ, ಅಂಟಿಕೊಂಡ ಅಕ್ಷತೆ.

"ಅಕ್ಕಾ, ಇದೇನೇ?"

"ಶುಭಕಾರ್ಯದ್ದು ಕಣೋ. ದೇವರ ಮುಂದೆ ಇಟ್ಟು ಪೂಜೆ ಮಾಡಿದೆ."

"ಹೊಳೆಯೋ ಕಡೆಗೇ ಯಾಕೆ ಹಚ್ಚಿದೆ?"

"ಮತ್ತೆ? ಯಾರಾದ್ರೂ ಬೆನ್ನಿಗೆ ಕುಂಕುಮ ಹಚ್ತಾರಾ?"

ತೊಳೆದು, ಒರೆಸಿ, ಮತ್ತೆ ಹಾಕಿದೆ. ಯಂತ್ರ ಗೊರಗೊರ ಎಂದಿತು. ಬಹಳ ಹೊತ್ತು ಯೋಚಿಸಿ, ಒಳಗೆ ಸೀಡಿಯೇ ಇಲ್ಲ, ದಯವಿಟ್ಟು ಹಾಕಿ ಎಂದು ಪರದೆಯ ಮೇಲೆ ಬರೆಯಿತು. ಮನೆಯಲ್ಲಿ ರೈಟ್ ಮಾಡಿದ ಸೀಡಿಯೆಂದರೆ ಆ ಕಾಲದ ಡ್ರೈವಿಗೆ ಕಣ್ಣೇ ಕಾಣುವುದಿಲ್ಲ ಎಂದು ನಾನು ವಿವರಿಸಿದೆ.

ಅಕ್ಕ ಸಮಾಧಾನದಿಂದ ಕೇಳಿಸಿಕೊಂಡಳು. "ಆಗಲೇ ಹಾಕಿದ್ದೀವಿ ಅಂತ ಅದಕ್ಕೆ ಹೇಳೋ," ಎಂದಳು.

೨. ಒಗ್ಗರಣೆ

ಸೂರತ್ ಪಕ್ಕದ ಹಜೀರಾದ ಕಾರ್ಖಾನೆಯೊಂದರಲ್ಲಿ ಕೆಲಸವಿತ್ತು. ಸೂರತ್‌ಗೆ ಹೊರಟಾಗ ಸೀಡಿಯನ್ನೂ ಒಯ್ದೆ. ಅಲ್ಲಿ ನಾನು ಊಟ ಮಾಡುವುದು ಕುಂದಾಪುರದ ಕಡೆಯವರೊಬ್ಬರ ಹೋಟೆಲಿನಲ್ಲಿ. ಬಿಲ್ಲಿಗೆಂದು ಅವರೊಂದು ಕಂಪ್ಯೂಟರ್ ಇಟ್ಟಿದ್ದರು. ಹಳೆಯದೇ, ಆದರೂ ಭಾವನದಕ್ಕಿಂತ ವಾಸಿ. ಇಟ್ಟಿದ್ದು ಮಾತ್ರ ದೋಸೆ ಕಾವಲಿಯ ಪಕ್ಕಕ್ಕೆ. ಡ್ರೈವ್ ಬಿಚ್ಚಿದರೆ ಲೆನ್ಸಿನ ಮೇಲೆ ಎಣ್ಣೆಯ ಪದರ, ಮೂಲೆಯಲ್ಲಿ ಸಾಸಿವೆ. ಒಗ್ಗರಣೆಗೆ ಇಂಗೊಂದು ಕಮ್ಮಿ.

ಒರೆಸಿ ಸೀಡಿ ಹಾಕಿದೆ. ಸಿಕ್ಕಿದ್ದು ಒಂದೇ ಫೋಟೋ. ಅದೂ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳತೊಡಗಿತು. ಕಪ್ಪು ಕೂದಲು, ಅಗಲವಾದ ಹಣೆ, ಕನ್ನಡಕ, ಮೂಗು. ಅಲ್ಲಿಗೆ ನಿಂತುಬಿಟ್ಟಿತು. ಅದರ ಕೆಳಗೆಲ್ಲ ಬೂದು ಬಣ್ಣ.

ಸಪ್ಲೈಯರುಗಳು ಟ್ರೇ ಹಿಡಿದೇ ಬಂದು ನೋಡಿದರು. ಹೋಟೆಲಿನ ಯಜಮಾನರು ತೀರ್ಪು ಕೊಟ್ಟರು: "ಹಣೆ ಅಗಲ ಇತ್ತ್ ಮಾರಾಯ್ರೆ. ಬಿಡ್ಬೇಡಿ, ಒಳ್ಳೆ ಸಂಬಂಧ."

ಕೂಡಲೇ ವಡೋದರಕ್ಕೆ ಫೋನ್ ಮಾಡಿ, ಮೂಗಿನವರೆಗೆ ಯಾವ ದೋಷವೂ ಇಲ್ಲ ಎಂದು ವರದಿ ಒಪ್ಪಿಸಿದೆ.

"ಮಾಮಾ, ಮೂಛ್ ಇದೆಯಾ?" ಹುಡುಗಿ ಕೇಳಿದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಈ ಕಡೆಯೇ.

"ಮೀಸೆ ಇನ್ನೂ ಬಂದಿಲ್ಲ."

ಭಾವ ಫೋನ್ ಕಿತ್ತುಕೊಂಡರು. "ಹುಡುಗನಿಗೆ ವಯಸ್ಸೆಷ್ಟಯ್ಯಾ?"

೩. ಅಹಮದಾಬಾದ್

ಹೆಣ್ಣಿನ ಕಡೆಯವರು ಹೆಣ್ಣನ್ನೂ ಕರೆದುಕೊಂಡು ಗಂಡಿನ ಮನೆಗೆ ಹೋಗಿ ಗಂಡು ನೋಡುವುದು ನಮ್ಮಲ್ಲಿಲ್ಲ. ಆದರೆ ಸೀಡಿ ವಾಪಸ್ ಕೊಡಬಾರದೆಂದು ಯಾರೂ ಹೇಳಿಲ್ಲವಲ್ಲ. ಧನುರ್ಮಾಸಕ್ಕೆ ಮುಂಚಿನ ಭಾನುವಾರ ಎಲ್ಲರೂ ಸೀಡಿ ವಾಪಸ್ ಕೊಡಲು ಹೊರಟೆವು. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು.

ಬೆಲ್ ಒತ್ತಿದೆವು. ಬಾಗಿಲು ತೆರೆದವರಿಗೆ ಕಪ್ಪು ಕೂದಲು, ಅಗಲವಾದ ಹಣೆ, ಅದೇ ಕನ್ನಡಕ, ಅದೇ ಮೂಗು. ಮೂಗಿನ ಕೆಳಗೆ ದಟ್ಟವಾದ ಬಿಳಿ ಮೀಸೆ.

ಹುಡುಗಿ ನನ್ನ ತೋಳು ಚಿವುಟಿದಳು. "ಮಾಮಾ, ಇವರೇನಾ?"

"ಮೂಗಿನವರೆಗೆ ಇವರೇ," ಎಂದೆ.

"ಬನ್ನಿ, ಬನ್ನಿ. ನಾನು ಹುಡುಗನ ತಂದೆ," ಎಂದರು ಅವರು.

ಆಮೇಲೆ ಕಾಫಿ ಕುಡಿಯುತ್ತಾ ವಿಷಯ ತಿಳಿಯಿತು. ಅವರು ರೈಲ್ವೆಯಿಂದ ನಿವೃತ್ತರಾದಾಗಿನ ಫೋಟೋಗಳನ್ನು ಆ ಸೀಡಿಗೆ ಹಾಕಿದ್ದರಂತೆ. ಜಾಗ ಉಳಿದಿತ್ತು, ಹೊಸದೇಕೆ ದಂಡ ಎಂದು ಮಗನ ಫೋಟೋಗಳನ್ನೂ ಅದಕ್ಕೇ ಸೇರಿಸಿದ್ದಾರೆ. ಹಾಗೆ ಎರಡು ಸಲ ರೈಟ್ ಮಾಡಿದರೆ ಕೆಲವು ಹಳೆಯ ಡ್ರೈವುಗಳಿಗೆ ಮೊದಲ ಸಲದ್ದು ಮಾತ್ರ ಕಾಣುತ್ತದೆ. ಇದು ನನಗೆ ಗೊತ್ತಿದ್ದ ವಿಷಯವೇ. ಹೊಳೆದದ್ದು ಕಾಫಿ ಲೋಟ ಕೆಳಗಿಟ್ಟ ಮೇಲೆ.

ಹುಡುಗ ಬಂದ. ಮೀಸೆ ಇರಲಿಲ್ಲ. ಇಬ್ಬರನ್ನೂ ಮಾತಾಡಲು ಬಾಲ್ಕನಿಗೆ ಕಳಿಸಿದರು. ಇಬ್ಬರೂ ಜೋರಾಗಿ ನಗುವುದು ಒಳಗೆ ಕುಳಿತ ನಮಗೆಲ್ಲ ಕೇಳಿಸುತ್ತಿತ್ತು. ಒಳಗೆ ಬಂದವಳು ಅಮ್ಮನ ಕಿವಿಯಲ್ಲಿ ಹೂಂ ಎಂದಳು. ಅಕ್ಕ ಅಲ್ಲೇ ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು.

ವಾಪಸ್ ಬರುವಾಗ ರೈಲಿನಲ್ಲಿ ಕೇಳಿದೆ: "ಅಷ್ಟು ನಗುವಂಥದ್ದು ಏನು ಕೇಳಿದ?"

"ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಗೊತ್ತಿರೋರು ಯಾರೂ ಇಲ್ವಾ ಅಂತ."

"ನೀನೇನಂದೆ?"

"ಯಾರೂ ಇಲ್ಲ ಅಂದೆ ಮಾಮಾ. ಇಷ್ಟು ದೂರ ಬಂದ ಸಂಬಂಧ ತಪ್ಪಿಹೋಗಬಾರದಲ್ಲ."