ಹೊಲಕ್ಕೊಂದು ಬಾಣಂತನ

ಲೋಕದಲ್ಲಿ ಹೆಂಗಸರಿಗೆ ಬಾಣಂತನ ಮಾಡಿದವರುಂಟು, ಹಸುವಿಗೆ ಮಾಡಿದವರೂ ಉಂಟು. ಒಂದೂವರೆ ಎಕರೆ ಹೊಲಕ್ಕೆ ಬಾಣಂತನ ಮಾಡಿದವಳು ಮಾತ್ರ ನನ್ನ ಸೋದರತ್ತೆ ಒಬ್ಬಳೇ! ನಗಬೇಡಿ. ಆ ಹೊಲ ಹಾಸಿಗೆ ಹಿಡಿಯುವಂತೆ ಮಾಡಿದವಳು ನಾನು.

ಚನ್ನರಾಯನದುರ್ಗದ ಮಗ್ಗುಲಿನ ಆ ಹೊಲಕ್ಕೆ ಅತ್ತೆ ಮುಸುಕಿನ ಜೋಳ ಹಾಕಿದ್ದಳು. ಕಳೆ ಸಾಯಿಸುವ ಔಷಧಿ ತಂದಳು. (ಸಾಯಿಸುವುದಕ್ಕೂ ನಮ್ಮ ಕಡೆ ಔಷಧಿ ಅಂತಲೇ ಹೆಸರು!) ಅತ್ತೆಗೆ ಓದು ಬಾರದು. ಕೊರಟಗೆರೆಯಲ್ಲಿ ಕನ್ನಡ ಟೀಚರ್ ಆಗಿರುವ ನನ್ನ ಕೈಗೆ ಪೊಟ್ಟಣ ಕೊಟ್ಟಳು. ಕನ್ನಡಕ ಮರೆತು ಬಂದಿದ್ದ ನಾನು, ಬಸ್ಸಿನ ಅವಸರದಲ್ಲಿ, 'ಎಕರೆಗೆ ಇಷ್ಟು' ಎಂದಿದ್ದುದನ್ನು 'ಸಿಂಪಡಿಸುವ ಟ್ಯಾಂಕಿಗೆ ಇಷ್ಟು' ಎಂದು ಓದಿ ಹೇಳಿದೆ. ಎಕರೆಗೆ ಹಿಡಿಯುವುದು ಹತ್ತಾರು ಟ್ಯಾಂಕು; ವಿಷವೂ ಅಷ್ಟೇ ಪಟ್ಟು ಬಿತ್ತು. ಎಂಥಾ ವಿದ್ಯಾವಂತೆ! ಜೋಳವೇನೋ ತಡೆದುಕೊಂಡಿತು. ಆಮೇಲೆ ಬಿತ್ತಿದ ಅವರೆ ಮೊಳೆತು, ಹಳದಿಗೆ ತಿರುಗಿ, ಪೂರ್ತಿ ಒಣಗಿಹೋಯಿತು. ಅತ್ತೆಯ ಬದುಕಿಗಿರುವುದು ಆ ಹೊಲವೊಂದೇ. ಕನ್ನಡಕ ಹಾಕಿಕೊಂಡು ಪೊಟ್ಟಣವನ್ನು ಮತ್ತೆ ಓದಿದಾಗ ನನ್ನ ತಪ್ಪು ಗೊತ್ತಾಯಿತು. ಬಾಯಿ ಮಾತ್ರ ಬಿಡಲಿಲ್ಲ. ಅತ್ತೆಯೋ ಊರಿಗೆಲ್ಲ, "ನಾನೇ ಲೆಕ್ಕ ತಪ್ಪಿ ಸುರುದ್ಬುಟ್ಟೆ" ಎನ್ನುತ್ತಿದ್ದಳು.

ಕೃಷಿ ಅಧಿಕಾರಿಯೊಬ್ಬರು ಬಂದು ನೋಡಿ, "ಒತ್ತಾಗಿ ಜೋಳ ಬೆಳೆದು, ಹಸಿರಿದ್ದಾಗಲೇ ಮಣ್ಣಿಗೆ ಸೇರಿಸಿ. ಚೆನ್ನಾಗಿ ಕೊಳೆತ ಗೊಬ್ಬರ ಹಾಕಿ. ವಿಷ ನಿಧಾನಕ್ಕೆ ಕರಗುತ್ತೆ" ಎಂದರು.

"ಅಂಗಂದ್ರೆ ಬಾಣಂತನ ಅನ್ನಿ!" ಎಂದಳು ಅತ್ತೆ.

ಶುರುವಾಯಿತು ನೋಡಿ! ಚಪ್ಪಲಿ ಹಾಕಿಕೊಂಡು ಹೊಲಕ್ಕೆ ಇಳಿಯುವಂತಿಲ್ಲ. ಮಣ್ಣಿನ ಮೇಲೆ ಹೊದಿಸಿದ ಹುಲ್ಲು ಸರಿಸುವಂತಿಲ್ಲ, "ಸೀತ ಆಯ್ತದೆ!" ಪಕ್ಕದ ಹೊಲದವನು ಹಸಿ ಜೋಳ ಕಂಡು, "ಎಮ್ಮೆಗೊಂದ್ ಹೊರೆ ಕೊಡಕ್ಕ" ಎಂದ.

"ಬಾಣಂತಿ ಪಥ್ಯಕ್ಕೆ ಕಣ್ಣಾಕ್ತೀಯೇನ್ಲಾ? ಇಸ ಕುಡ್ದಿರೋ ಜೋಳ ಅದು. ನಿನ್ನೆಮ್ಮೆ ಮನಿಕ್ಕಂಡ್ರೆ ಅದ್ಕೂ ನಾನೇ ಬಾಣಂತನ ಮಾಡ್ಬೇಕಾ?"

ಅವನು ಆ ದಾರಿಯನ್ನೇ ಬಿಟ್ಟ. ಮಧುಗಿರಿಯ ನೆಂಟರು ಮದುವೆಗೆ ಕರೆದರೆ, "ಬಾಣಂತೀನ್ ಬುಟ್ಟು ಹೆಂಗ್ ಬರ್ಲಿ?" ಎಂದಳು. ಪಾಪ, ಅವರು ಮಗುವಿಗೊಂದು ಕುಲಾವಿ ಕಳಿಸಿದರು!

ತಿಂಗಳಿಗೊಮ್ಮೆ ಹೊಲದ ಮಣ್ಣನ್ನು ತೆಂಗಿನ ಕರಟಗಳಿಗೆ ತುಂಬಿ, ಅವರೆಕಾಳು ಊರಿ, ಜಗಲಿಯ ಮೇಲಿಡುತ್ತಿದ್ದಳು. ಎಲೆ ಹಳದಿಯಾದರೆ, "ಇನ್ನೂ ಜರ ಇಳ್ದಿಲ್ಲ ಕಣಮ್ಮ" ಎಂದು ನನಗೆ ಫೋನಿನಲ್ಲಿ ವರದಿ. ನಾನೂ ಪ್ರತಿ ಭಾನುವಾರ ಬಂದು ಬುಟ್ಟಿಗಟ್ಟಲೆ ಗೊಬ್ಬರ ಹೊತ್ತೆ. ಸೊಂಟ ಬಿದ್ದುಹೋಗುತ್ತಿತ್ತು, ಆದರೂ ಮನಸ್ಸಿನ ಭಾರ ಇಳಿಯಲಿಲ್ಲ.

ಮರುವರ್ಷ, ಕರಟದ ಅವರೆ ಹಸಿರಾಗಿಯೇ ನಿಂತಿತು. ಒಂದು ವಾರ, ಎರಡು ವಾರ, ಮೂರು! ಹೊಲದಲ್ಲಿ ಗೊಬ್ಬರ ಹರಡುತ್ತಿದ್ದ ನನ್ನ ಬಳಿಗೆ ಅತ್ತೆ ಅದನ್ನು ಎತ್ತಿಕೊಂಡು ಬಂದು ತೋರಿಸಿದಾಗ ನನಗಿನ್ನು ತಡೆಯಲಾಗಲಿಲ್ಲ.

"ಅತ್ತೆ, ಆವತ್ತು ಪೊಟ್ಟಣ ತಪ್ಪು ಓದಿದ್ದು ನಾನು."

"ಗೊತ್ತು ಕಣೆ. ಅವರೆ ಒಣಗ್ದಾಗ್ಲೇ ಅಂಗ್ಡಿಯೋನ್ತಾವ ಓದಿಸ್ದೆ."

"ಮತ್ತೆ ಯಾಕೆ ಒಂದು ಮಾತೂ ಅನ್ನಲಿಲ್ಲ?"

"ಅಂದಿದ್ರೆ ನೀನು ನಾಚ್ಕಂಡು ಈ ಕಡೆ ಬರಾದೇ ಬುಟ್ಬುಡ್ತಿದ್ದೆ. ಮಣ್ಣಾದ್ರೆ ಗೊಬ್ಬರ ಹಾಕಿ ಎಬ್ಬುಸ್ಬೋದು. ನೀನು ದೂರ ಆಗಿದ್ರೆ ಏನ್ ಹಾಕಿ ಕರ್ಕಂಡ್ ಬರ್ಲಿ?"

ಗೊಬ್ಬರ ಮೆತ್ತಿದ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ.