ಹೆಲ್ದುರನ ಐದಂಕಿಯ ಸಹಿ

ಹೆಲ್ದುರನಿಗೆ ಹೆಂಡತಿ ಲೈನೆಯ ಮೇಲೆ ಇದ್ದದ್ದು ಒಂದೇ ದೂರು. (ಉಳಿದ ಹನ್ನೊಂದನ್ನು ಮದುವೆಯಾದ ಮೊದಲ ವರ್ಷವೇ ಹಿಂತೆಗೆದುಕೊಂಡಿದ್ದ.) ಇಡೀ ಎಸ್ಟೋನಿಯಾ ಗುರುತಿನ ಕಾರ್ಡನ್ನು ಗಣಕಯಂತ್ರಕ್ಕೆ ತೂರಿಸಿ, ಗುಟ್ಟಿನ ಅಂಕಿ ಒತ್ತಿ, ಮನೆಯಲ್ಲೇ ಸಹಿ ಹಾಕುತ್ತಿದ್ದರೆ ಇವಳೊಬ್ಬಳು ಪೆನ್ನು ಹಿಡಿದು ಕಚೇರಿಗೆ ನಡೆದುಹೋಗುತ್ತಾಳೆ. ಅಂದು ಬೆಳಿಗ್ಗೆಯೂ ಹೋಗಿ ಬಂದಿದ್ದಳು.

ಹೋದ ಕೆಲಸ ಸಣ್ಣದಲ್ಲ. ಕೆರೆದಂಡೆಯ ಒಂದು ತುಂಡು ತೋಟಕ್ಕಾಗಿ ಇಬ್ಬರೂ ಒಂಬತ್ತು ವರ್ಷ ಕಾದಿದ್ದರು. ಕೊನೆಗೂ ತೋಟಗಾರರ ಸಂಘದಿಂದ ಪತ್ರ ಬಂದಿತ್ತು: ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇಂದು ನಾಲ್ಕು ಗಂಟೆಯೊಳಗೆ ತಲುಪಬೇಕು, ತಪ್ಪಿದರೆ ತೋಟ ಪಟ್ಟಿಯಲ್ಲಿ ಮುಂದಿನವರಿಗೆ. ಮುಂದಿನವನು ಎದುರುಮನೆಯ ಕಾಲ್ಯು. ಅವನು ಆಗಲೇ ಗುದ್ದಲಿ ಮಸೆಯುತ್ತಿದ್ದ.

"ನೀವೂ ನನ್ ಜೊತೆ ಬಂದು ಒಂದು ಗೀಟು ಗೀಚಿದ್ರೆ ಮುಗೀತಿತ್ತು" ಎಂದಳು ಲೈನೆ, ಹೆಣಿಗೆಯಿಂದ ತಲೆಯೆತ್ತದೆ.

"ಕಾನೂನಿನ ಕಣ್ಣಿಗೆ ಎರಡೂ ಒಂದೇ ಕಣೇ" ಎಂದು ಹೆಲ್ದುರ್ ಪ್ರವಚನ ಶುರುಮಾಡಿದ. "ಕೈ ಸಹಿಗೆಷ್ಟು ಬೆಲೆನೋ ಕಾರ್ಡಿನ ಸಹಿಗೂ ಅಷ್ಟೇ. ಸಹಿ ಆದ್ಮೇಲೆ ಒಂದು ಅಲ್ಪವಿರಾಮ ಬದಲಾದ್ರೂ ಸಿಕ್ಕಿಬೀಳತ್ತೆ. ನಿನ್ನ ಪೆನ್ನಿಗಿದೆಯಾ ಆ ತಾಕತ್ತು? ಆದ್ರೆ ನಂಬರು ಮಾತ್ರ ಯಾರಿಗೂ ಹೇಳಬಾರದು, ಹೆಂಡತಿಗೂ."

"ನಂಬರು ನೆನಪಿದೆ ತಾನೇ?"

"ಹೊಸ ಕಾರ್ಡು ಬಂದಾಗಲೇ ಹೇಳಿದ್ನಲ್ಲ, ನಮ್ಮ ಮದುವೆ ದಿನಾನೇ ಇಟ್ಟಿದೀನಿ ಅಂತ. ಅದು ಮರೆಯೋ ದಿನವಾ?"

ಲೈನೆ ಸೂಜಿ ನಿಲ್ಲಿಸಿ ಗಂಡನ ಮುಖವನ್ನು ಒಮ್ಮೆ ನೋಡಿದಳು. ಮತ್ತೆ ಹೆಣಿಗೆ ಮುಂದುವರಿಸಿದಳು.

ಮೂರು ಗಂಟೆಗೆ ಮಹಾಶಯರು ಗಣಕಯಂತ್ರದ ಮುಂದೆ ವಿರಾಜಮಾನರಾದರು. ಕಾರ್ಡು ಒಳಹೋಯಿತು. ಮೇ ತಿಂಗಳು, ಎಂಬತ್ತನಾಲ್ಕನೇ ಇಸವಿ, ಇಷ್ಟು ಖಂಡಿತ. ತಾರೀಖು? ಇಪ್ಪತ್ತೇಳು ಒತ್ತಿದ. ತಪ್ಪು. ಇಪ್ಪತ್ತೊಂಬತ್ತು ಒತ್ತಿದ. ಅದೂ ತಪ್ಪು. ಇನ್ನೊಂದು ಸಲ ತಪ್ಪಿದರೆ ಕಾರ್ಡಿಗೆ ಬೀಗ ಬೀಳುತ್ತದೆ. ಅದನ್ನು ತೆಗೆಯುವ ಸಂಖ್ಯೆಯ ಲಕೋಟೆಯನ್ನು ಅವನು ಎಷ್ಟು ಭದ್ರವಾಗಿಟ್ಟಿದ್ದನೆಂದರೆ ಅವನಿಗೂ ಸಿಗುತ್ತಿರಲಿಲ್ಲ.

ಕೇಳಿದರೆ ಮರ್ಯಾದೆ ಹೋಗುತ್ತದೆ, ಕೇಳದಿದ್ದರೆ ತೋಟ ಹೋಗುತ್ತದೆ. ಸುತ್ತಿ ಬಳಸಿ ಕೇಳಿದ: "ಲೈನೆ, ನಮ್ಮ ಮದುವೇಲಿ ಲೈಲಾಕ್ ಹೂ ಪೂರ್ತಿ ಅರಳಿತ್ತಲ್ವಾ? ಅಂದ್ರೆ ತಿಂಗಳ ಕೊನೆಗೆ, ಸುಮಾರು..."

"ನಂಬರು ಹೆಂಡತಿಗೂ ಹೇಳಬಾರದು ರೀ. ಕಾನೂನು."

ಹೆಲ್ದುರ್ ಕಣ್ಣುಮುಚ್ಚಿ ಮೂವತ್ತು ಒತ್ತಿದ. ಬೀಗ ಬಿತ್ತು.

ಗಡಿಯಾರದಲ್ಲಿ ಮೂರೂವರೆ. ಕಿಟಕಿಯಾಚೆ ಕಾಲ್ಯು ಗುದ್ದಲಿಯ ಅಲಗು ಮುಟ್ಟಿ ನೋಡುತ್ತಿದ್ದ. ಅವನನ್ನು ಕಂಡು ಹೆಲ್ದುರನಿಗೆ ನಿಜವಾಗಿಯೂ ಅಳು ಬಂತು. ಒಂಬತ್ತು ವರ್ಷದಿಂದ ಲೈನೆ ಬಾಲ್ಕನಿಯ ಡಬ್ಬಿಗಳಲ್ಲಿ ಟೊಮೇಟೊ ಬೆಳೆಯುತ್ತಿದ್ದಳು. ಹೆಲ್ದುರ್ ಓಡಿಹೋಗಿ ಸೈಕಲ್ ಹತ್ತಿದ.

ಏದುಸಿರು ಬಿಡುತ್ತಾ ಸಂಘದ ಕಚೇರಿಗೆ ನುಗ್ಗಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಗುಮಾಸ್ತೆ ಮೆರ್ಲೆಯ ಮೇಜಿನ ಮೇಲೆ ಅವನ ಹೆಸರಿನ ಹಾಳೆ ಸಿದ್ಧವಿತ್ತು, ಮೇಲೊಂದು ಪೆನ್ನು.

"ಬನ್ನಿ ಸರ್. ಮೂರೂವರೆ ಮೇಲೆ ಬರ್ತೀರಿ ಅಂತ ನಿಮ್ಮನೆಯವರು ಬೆಳಿಗ್ಗೆನೇ ಹೇಳಿಹೋದ್ರು."

"ಅವಳಿಗೆ ಹೇಗೆ ಗೊತ್ತು?"

"ಹೋದ ಭಾನುವಾರ ನಿಮ್ಮ ಮದುವೆ ದಿನ ಇತ್ತಂತೆ. ನೀವು ಇಡೀ ದಿನ ದೋಣಿಗೆ ಬಣ್ಣ ಹೊಡೀತಿದ್ರಂತೆ."

ಹೆಲ್ದುರ್ ಪೆನ್ನು ಹಿಡಿದ. ಹದಿನೈದು ವರ್ಷ ಕೈ ಸಹಿ ಹಾಕದವನ ಕೈ ಅಡ್ಡಾದಿಡ್ಡಿ ಓಡಿತು. "ಇದು ನಡೆಯತ್ತೇನಮ್ಮಾ?"

"ಕಾನೂನಿಗೆ ಎರಡೂ ಒಂದೇ ಅಲ್ವಾ ಸರ್" ಎಂದು ಮೆರ್ಲೆ ಮುದ್ರೆ ಒತ್ತಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಅವನು ಹೋದ ಭಾನುವಾರವನ್ನು ಹುಡುಕಿ, ತಾರೀಖನ್ನು ಎರಡು ಸಲ ಓದಿಕೊಂಡ.

ಮನೆಗೆ ಬಂದಾಗ ಕೈಯಲ್ಲಿ ಲೈಲಾಕ್ ಕೊಂಬೆಯಿತ್ತು. ಲೈನೆ ಆಗಲೇ ಟೊಮೇಟೊ ಡಬ್ಬಿಗಳನ್ನು ಬಾಗಿಲ ಬಳಿ ಸಾಲಾಗಿ ಇಟ್ಟಿದ್ದಳು.

"ಇಪ್ಪತ್ತೆಂಟು" ಎಂದ ಹೆಲ್ದುರ್, ತಲೆ ತಗ್ಗಿಸಿ.

"ಮೆಲ್ಲಗೆ ಹೇಳಿ, ಕಾಲ್ಯು ಕೇಳಿಸ್ಕೊಂಡಾನು" ಎಂದು ಲೈನೆ ಹೂ ತೆಗೆದುಕೊಂಡಳು. "ಈ ಡಬ್ಬಿಗಳನ್ನ ಸೈಕಲ್ಲಿಗೆ ಕಟ್ಟಿ. ಕತ್ತಲಾಗೋಕೆ ಇನ್ನೂ ತುಂಬಾ ಹೊತ್ತಿದೆ."